ಓಪನ್‌ಎಸ್‌ಎಸ್‌ಎಲ್ ನಮಗ ಬೇಕಾದಂಗ ಬಿಲ್ಡ್ ಮಾಡಿದ್ರ ಫಿಪ್ಸ್ ಸರ್ಟಿಫಿಕೇಟ್ ಉಳೀತೈತೇನ್ರಿ?

ಉಣಕಲ್_ಹುಡುಗ · ಸೋಮವಾರ ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಯಾಗ ನಮ್ದೊಂದು ಆರು ಮಂದಿ ಕಂಪನಿ. ಕಾರ್ಖಾನಿ ಮೀಟರ್‌ಗಳ ರೀಡಿಂಗ್ ಕೂಡಿಸಿ ಇಂಟರ್ನೆಟ್ ಮ್ಯಾಲೆ ಕಳಸೋ ಒಂದು ಸಣ್ಣ ಡಬ್ಬಿ ಮಾಡ್ತೀವಿ. ಒಳಗ ಆರ್ಮ್ ಬೋರ್ಡು, ಯೋಕ್ಟೊದಾಗ (ಸಣ್ಣ ಬೋರ್ಡಿಗೆ ಲಿನಕ್ಸ್ ಕಟ್ಟೋ ಸಾಧನ) ಕಟ್ಟಿದ ಲಿನಕ್ಸು, 32 ಎಂಬಿ ಫ್ಲ್ಯಾಶ್. ಜಾಗಾ ಅಂದ್ರ ನಮಗ ಬಂಗಾರ.

ಈಗ ಅಮೆರಿಕಾದ ಒಬ್ಬ ಗಿರಾಕಿ ಸಿಕ್ಕಾನ. 140 ಪ್ರಶ್ನೆದ ಎಕ್ಸೆಲ್ ಶೀಟ್ ಕಳಿಸ್ಯಾನ. ಅದ್ರಾಗೊಂದು: "ನಿಮ್ಮ ಕ್ರಿಪ್ಟೊ ಲೈಬ್ರರಿ ಫಿಪ್ಸ್ 140 ವ್ಯಾಲಿಡೇಟೆಡ್ ಐತಿ? ಸರ್ಟಿಫಿಕೇಟ್ ನಂಬರ್ ಏನು?" ಫಿಪ್ಸ್ 140 ಅಂದ್ರ ಕ್ರಿಪ್ಟೊ, ಅಂದ್ರ ಗುಪ್ತಲಿಪಿ ಕೋಡಿಗೆ ಅಮೆರಿಕಾ ಸರ್ಕಾರದ ಮಾನಕ. ನಾವು ಬಳಸೋ ಕ್ರಿಪ್ಟೊ ಲೈಬ್ರರಿ ಓಪನ್‌ಎಸ್‌ಎಸ್‌ಎಲ್. ನಾ ಗೂಗಲ್ ಮಾಡಿ, ಓಪನ್‌ಎಸ್‌ಎಸ್‌ಎಲ್ 3.0ದ್ದು 4282 ಅಂತ ಸಿಕ್ತು, "ಹೌದು, 4282" ಅಂತ ಬರದು ಕಳಿಸಿಬಿಟ್ಟೆ.

ಕಳಿಸಿದ ಮ್ಯಾಲೆ ಹೊಟ್ಟಿಯೊಳಗ ಕಸಿವಿಸಿ ಚಾಲೂ ಆತು. ಯಾಕಂದ್ರ ನಮ್ಮ ಬಿಲ್ಡ್ ಹಿಂಗೈತಿ: ಎನೇಬಲ್-ಫಿಪ್ಸ್ ಕೊಟ್ಟೀವಿ, ಖರೆ. ಜೋಡಿಗೆ ನೋ-ಡೆಸ್, ನೋ-ಕ್ಯಾಮೆಲಿಯಾ, ಇನ್ನೊಂದು ಹತ್ತು 'ನೋ' ಕೊಟ್ಟೀವಿ, ಅಂದ್ರ ನಮಗ ಬ್ಯಾಡಾದ ಗುಪ್ತಲಿಪಿ ವಿಧಾನ ಬಿಟ್ಟು ಬಿಲ್ಡ್ ಮಾಡೋ ಆಪ್ಶನ್. ಸೈಜ್ ಕಡಿಮಿ ಮಾಡೋ ಕಂಪೈಲರ್ ಫ್ಲ್ಯಾಗ್ ಹಾಕೀವಿ. ಬೋರ್ಡಿನ ಹಾರ್ಡ್‌ವೇರ್ ರ್‍ಯಾಂಡಮ್ ನಂಬರ್ ಚಿಪ್ ಓದಾಕ 40 ಸಾಲಿನ ಒಂದು ಪ್ಯಾಚ್ ಐತಿ. ಕಡೀಕ ಯೋಕ್ಟೊ ತಾನ ಸ್ಟ್ರಿಪ್ ಮಾಡತೈತಿ, ಅಂದ್ರ ಫೈಲಿನ ಡಿಬಗ್ ಮಾಹಿತಿ ಕತ್ತರಿಸಿ ಸಣ್ಣದು ಮಾಡತೈತಿ.

ನಮ್ಮ ಸಾಹೇಬ್ರು ಅಂತಾರ, "ಸೋರ್ಸ್ ಅದ, ಸರ್ಟಿಫಿಕೇಟೂ ಅದ. ನಾವೇನು ಹೊಸಾದು ಬರದೀವೇನು, ಬ್ಯಾಡಾದ್ದು ತಗದೀವಿ ಅಷ್ಟ." ಶುಕ್ರವಾರ ಗಿರಾಕಿ ಜೋಡಿ ಕಾಲ್ ಐತ್ರಿ. ಯಾರರೆ ಬಲ್ಲವರು ಹೇಳ್ರಿ.

ಗಿರಮಿಟ್_ಪ್ರಿಯ · ರಾತ್ರಿ 9:44

ಉಳಿಯೂದಿಲ್ಲ. ಮುಂದಿನ ಪ್ರಶ್ನೆ ತಗೋರಿ.

ಸಾಧನಕೇರಿ_ಅಕ್ಕ · ರಾತ್ರಿ 10:15

ತಮ್ಮಾ, ಮೊದಲ ಒಂದು ತಪ್ಪು ತಿಳುವಳಿಕೆ ತಗದುಹಾಕು. ಸರ್ಟಿಫಿಕೇಟ್ ಸಿಕ್ಕದ್ದು "ಓಪನ್‌ಎಸ್‌ಎಸ್‌ಎಲ್"ಗೆ ಅಲ್ಲ. ಅದರೊಳಗಿನ ಒಂದ ಒಂದು ಫೈಲಿಗೆ: ಫಿಪ್ಸ್.ಎಸ್‌ಒ, ಅಂದ್ರ ಫಿಪ್ಸ್ ಪ್ರೊವೈಡರ್. 2021ರ ಸೆಪ್ಟೆಂಬರ್‌ನಾಗ 3.0 ಬಂತಲ್ಲ, ಆವಾಗ ಇದನ್ನ ಬ್ಯಾರೆ ಮಾಡಿ ಇಟ್ರು. ಆ ಫೈಲಿನ ಸುತ್ತ ಒಂದು ಗೆರಿ ಎಳದಾರ, ಅದಕ್ಕ ಬೌಂಡರಿ ಅಂತಾರ. ಲಿಬ್‌ಕ್ರಿಪ್ಟೊ, ಲಿಬ್‌ಎಸ್‌ಎಸ್‌ಎಲ್ ಅನ್ನೋ ಉಳದ ಲೈಬ್ರರಿ, ಕಮಾಂಡ್ ಹೊಡಿಯೋ ಪ್ರೋಗ್ರಾಮ್ ಎಲ್ಲಾ ಆ ಗೆರಿ ಹೊರಗ ಅವ.

ಎರಡನೇದು, ಆ ಫೈಲು ಹುಟ್ಟೋ ರೀತಿನೂ ಸರ್ಟಿಫಿಕೇಟಿನ ಭಾಗನ. ಪ್ರತಿ ಸರ್ಟಿಫಿಕೇಟಿಗೆ 'ಸೆಕ್ಯುರಿಟಿ ಪಾಲಿಸಿ' ಅಂತ ಒಂದು ಪಿಡಿಎಫ್ ಇರ್ತದ, ಅಮೆರಿಕಾದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಜಾಲತಾಣದಾಗ ಪುಕ್ಕಟೆ ಸಿಗ್ತದ. ಬಿಲ್ಡ್ ಹೆಂಗ ಮಾಡಬೇಕು ಅಂತ ಅದ್ರಾಗ ಬರದಿರ್ತಾರ. ಕಾನ್ಫಿಗರ್ ಎನೇಬಲ್-ಫಿಪ್ಸ್, ಮೇಕ್, ಮೇಕ್ ಇನ್‌ಸ್ಟಾಲ್_ಫಿಪ್ಸ್. ಮುಗೀತು. ನೀ ಕೊಟ್ಟ ನೋ-ಡೆಸ್ ಗೆರಿ ಒಳಗಿನ ಕೋಡನ್ನೂ ಕತ್ತರಿಸ್ತದ, ಯಾಕಂದ್ರ ಎರಡಕ್ಕೂ ಸೋರ್ಸ್ ಒಂದ ಅದ. ನಿನ್ನ ಕಡೆ ಇರೋ ಫಿಪ್ಸ್.ಎಸ್‌ಒ ಲ್ಯಾಬಿನವರು ಪರೀಕ್ಷಾ ಮಾಡಿದ ಮಾಡ್ಯೂಲ್ ಅಲ್ಲ. ಅದರ ಅಣ್ಣತಮ್ಮ ಇರಬಹುದು. ಅಣ್ಣನ ಸರ್ಟಿಫಿಕೇಟ್ ತೋರಿಸಿ ತಮ್ಮ ನೌಕರಿಗೆ ಸೇರಾಕ ಬರಂಗಿಲ್ಲ.

ಒಂದು ಮಾತು. ಈ ವೇದಿಕೆದಾಗ ಕಮಾಂಡನ್ನೂ ಕನ್ನಡದಾಗ ಬರಿಯೋ ಪದ್ಧತಿ. ಟರ್ಮಿನಲ್‌ನಾಗ ಹೊಡಿಯೂಮುಂದ ಇಂಗ್ಲೀಷಿನಾಗ ಹೊಡೀರಿ ಮತ್ತ. ಹೋದ ಸಲ ಒಬ್ಬಾಂವ ಕನ್ನಡದಾಗ ಪೇಸ್ಟ್ ಮಾಡಿ "ಎರರ್ ಬರ್ಲಿಕತ್ತದ" ಅಂತ ಬಂದಿದ್ದ.

ಉಣಕಲ್_ಹುಡುಗ · ರಾತ್ರಿ 10:22

ಆ ಹೋದ ಸಲದಾಂವ ನಾನ ರೀ ಅಕ್ಕಾರ 🙏

ಹಂಗಾರ ಈ ಎಲ್ಲಾ 'ನೋ' ತಗದ್ರ ಫ್ಲ್ಯಾಶ್‌ನಾಗ ಹಿಡಿಯೂದಿಲ್ಲಲ್ರಿ. ಏನ್ ಮಾಡ್ಲಿ?

ಸಾಧನಕೇರಿ_ಅಕ್ಕ · ರಾತ್ರಿ 10:41

ಎಲ್ಲಾ ತಗೀ ಅಂದವರ್ಯಾರು? ಎರಡು ಬಿಲ್ಡ್ ಮಾಡು.

ಮೊದಲನೇದು, ಸರ್ಟಿಫಿಕೇಟಿನಾಗ ಹೆಸರಿರೋ ಆವೃತ್ತಿದ ಸೋರ್ಸ್ ತಗೊಂಡು, 3.0.9 ಅಂತ ಇಟ್ಕೋ, ಪಾಲಿಸಿದಾಗ ಬರದಂಗ ಬಿಲ್ಡ್ ಮಾಡು. ಒಂದು ಅಕ್ಷರ ಹೆಚ್ಚಿಲ್ಲ ಕಡಿಮಿಲ್ಲ. ಅದ್ರಾಗಿಂದ ಫಿಪ್ಸ್.ಎಸ್‌ಒ ಒಂದನ್ನ ಎತ್ತಿಕೋ. ಉಳದದ್ದೆಲ್ಲಾ ಕಸ.

ಎರಡನೇದು, ಇತ್ತೀಚಿನ ಓಪನ್‌ಎಸ್‌ಎಸ್‌ಎಲ್ ತಗೋ. 2025ರ ಏಪ್ರಿಲ್‌ನಾಗ ಬಂದ 3.5 ತಗೊಂಡ್ರೂ ನಡೀತದ. ಇದಕ್ಕ ನಿನ್ನ ಹತ್ತು 'ನೋ', ನಿನ್ನ ಫ್ಲ್ಯಾಗು, ಏನ ಬೇಕಾದ್ರೂ ಹಾಕು, ಯಾರೂ ಕೇಳಂಗಿಲ್ಲ. ಗೆರಿ ಹೊರಗ ಅದ ಅದು. ಆಮ್ಯಾಲೆ ಮೊದಲನೇದರ ಫಿಪ್ಸ್.ಎಸ್‌ಒ ತಂದು ಇದರ ಬಾಜೂಕ ಇಡು. ಇದು ನಾ ಹೊಸೆದ ಯುಕ್ತಿ ಅಲ್ಲ, ಓಪನ್‌ಎಸ್‌ಎಸ್‌ಎಲ್‌ನವರು ಸೋರ್ಸ್ ಜೋಡಿ ಕೊಡೋ ಫಿಪ್ಸ್ ರೀಡ್‌ಮೀದಾಗ ಇದನ್ನ ಬರದಾರ. ಯಾರೂ ಓದಂಗಿಲ್ಲ, ಅಷ್ಟ.

ಬೆಂಗೇರಿ_ಬಿಟ್ಸ್ · ರಾತ್ರಿ 11:05

ನಮ್ಮ ಮನಿ ಬೆಂಗೇರಿ ಖಾದಿ ಗ್ರಾಮೋದ್ಯೋಗ ಸಂಘದ ಹತ್ರ ಐತಿ. ರಾಷ್ಟ್ರಧ್ವಜ ಹೊಲಿಯೋ ಜಾಗಾ ಗೊತ್ತಲ್ಲ. ಉಣಕಲ್ ತಮ್ಮಗ ನಾ ಅದ್ರಾಗ ಹೇಳ್ತೀನಿ.

ಧ್ವಜಕ್ಕ ಭಾರತದ ಮಾನಕ ಸಂಸ್ಥೆ ಬಿಐಎಸ್‌ದು ಐಎಸ್ 1 ಅಂತ ಮಾನಕ ಐತಿ. ಬಾಗಲಕೋಟಿ ಕಡೆ ನೇಯ್ದ ಖಾದಿ ಬರತೈತಿ, ಇಲ್ಲಿ ಬಣ್ಣ, ಚಕ್ರದ ಮುದ್ರಣ, ಹೊಲಿಗಿ. ನೂಲು ಎಷ್ಟಿರಬೇಕು, ಬಣ್ಣ ಎಷ್ಟು ಗಾಢ ಇರಬೇಕು, 24 ಅರಿ ಚಕ್ರ ಎರಡೂ ಬದಿ ಒಂದರ ಮ್ಯಾಲೊಂದು ಕುಂದ್ರಬೇಕು, ಎಲ್ಲಾ ಬರದಿಟ್ಟಾರ. ಅಳತಿ ಬರೇ ಒಂಬತ್ತು. 6300 ಗುಣಲೆ 4200 ಮಿಲಿಮೀಟರ್‌ನಿಂದ ಹಿಡದು 150 ಗುಣಲೆ 100ರ ತನಕ. ನಿಮ್ಮ ಕಿಡಕಿಗೆ ಬೇಕು ಅಂತ ನಡೂಕಿನ ಒಂದು ಅಳತಿ ಕತ್ತರಿಸಿ ಕೊಡ್ರಿ ಅಂದ್ರ? ಬಟ್ಟಿ ಅದ, ಬಣ್ಣಾ ಅದ, ಹೊಲಿಯೋ ಅಕ್ಕಾರೂ ಅವರ. ಆದ್ರ ಮುದ್ರಿ ಬೀಳಂಗಿಲ್ಲ.

ಆದ್ರ ಧ್ವಜದ ಕಂಬ? ಅದನ್ನ ನೀವು ಸ್ಟೀಲಿಂದರೆ ಮಾಡ್ರಿ, ಕಟ್ಟಿಗಿದರೆ ಮಾಡ್ರಿ. ಮುದ್ರಿ ಬಟ್ಟಿಗೆ. ಕಂಬ ನಿಮ್ಮ ಎರಡನೇ ಬಿಲ್ಡು.

ಬ್ಯಾಡಗಿ_ಖಾರ · ರಾತ್ರಿ 11:20

ಹೋಲಿಕಿ ಚಂದೈತಿ, ಆದ್ರ ದಾರಿ ತಪ್ಪಸ್ತೈತಿ ಅಣ್ಣಾ. ಧ್ವಜಕ್ಕ ಮುದ್ರಿ ಬಿತ್ತಂದ್ರ ಬಟ್ಟಿ ಖರೇನ ಚಲೋ ಇರತೈತಿ. ಫಿಪ್ಸ್ ಸರ್ಟಿಫಿಕೇಟ್ ಅಂದ್ರ ಕೋಡ್ ಚಲೋ ಐತಿ ಅಂತಲ್ಲ. ಬರದಂಗ ಐತಿ ಅಂತ.

ಹಳೀ ಕತಿ ಹೇಳ್ತೀನಿ ಕೇಳ್ರಿ. ಓಪನ್‌ಎಸ್‌ಎಸ್‌ಎಲ್ ಫಿಪ್ಸ್ ಮಾಡ್ಯೂಲ್ 2.0, ಸರ್ಟಿಫಿಕೇಟ್ 1747. ಅದ್ರಾಗ ಡ್ಯೂಯಲ್ ಇಸಿ ಡಿಆರ್‌ಬಿಜಿ ಅಂತ ರ್‍ಯಾಂಡಮ್ ನಂಬರ್ ಹುಟ್ಟಿಸೋ ವಿಧಾನ ಇತ್ತು. ಹಿಂಬಾಗಲಾ ಐತಿ ಅಂತ 2013ರಾಗ ಜಗತ್ತೆಲ್ಲಾ ಬೈಸಿಕೊಂಡಿತಲ್ಲ, ಅದ. ಆ ವರ್ಷದ ಡಿಸೆಂಬರ್‌ನಾಗ ಗೊತ್ತಾಗಿದ್ದೇನು? ಓಪನ್‌ಎಸ್‌ಎಸ್‌ಎಲ್‌ನಾಗ ಅದು ಕೆಲಸಾನ ಮಾಡತಿದ್ದಿಲ್ಲ! ಬಳಸಾಕ ಹೋದ್ರ ಕೈ ಕೊಡತಿತ್ತು. ಲ್ಯಾಬಿನ ಪರೀಕ್ಷೆ ಎಲ್ಲಾ ಪಾಸಾಗಿ, ಸರ್ಟಿಫಿಕೇಟ್ ಸಿಕ್ಕು, ವರ್ಷಗಟ್ಲೆ ಮಂದಿ ಬಳಸಿದ ಮಾಡ್ಯೂಲದು. ರಿಪೇರಿ ಮಾಡಾಕ ಒಂದು ಸಾಲು ಸಾಕಿತ್ತು. ಆದ್ರ ಆ ಸಾಲು ಮುಟ್ಟಿದ್ರ ಮತ್ತ ಸರ್ಟಿಫಿಕೇಶನ್ ತಾಪತ್ರಯ. ಹಂಗಂತ ಬಿಟ್ಟುಬಿಟ್ರು. ಬಿಟ್ಟದ್ದ ಚಲೋ ಆತು ಅನ್ರಿ, ಆ ಹಾಳಾದ್ದು ಕೆಲಸ ಮಾಡಲಿಲ್ಲ ಅಂತ ಯಾರಿಗೂ ದುಃಖ ಆಗಲಿಲ್ಲ.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ 2011ರಾಗ ಜಿಐ ಮುದ್ರಿ ಬಂದೈತಿ. ಮುದ್ರಿ ಐತಂತ ಪ್ರತಿ ಚೀಲದಾಗೂ ಕಡ್ಡಿ ಮೆಣಸಿನಕಾಯೇ ಇರತೈತಿ ಅನ್ಕೊಂಡ್ರ ನೀವು ಮಾರ್ಕೆಟ್ಟಿಗೆ ಹೋಗೇ ಇಲ್ಲ ಅಂತ ಅರ್ಥ.

ಮಳಿ_ಧಾರವಾಡ · ರಾತ್ರಿ 11:31

ಖಾರ ಅಣ್ಣಾ ಹೇಳೋದು ಖರೆ. ಹಾರ್ಟ್‌ಬ್ಲೀಡ್ ಅನ್ನೋ ದೊಡ್ಡ ಭದ್ರತಾ ದೋಷ ಬಂದಾಗೂ ಫಿಪ್ಸ್ ಸರ್ಟಿಫಿಕೇಟ್ ಇದ್ದ ಕೋಡಿನೊಳಗ ತೂತು ಇತ್ತಲ್ಲ!

ಸಾಧನಕೇರಿ_ಅಕ್ಕ · ರಾತ್ರಿ 11:38

ಇಲ್ಲಪಾ. 2014ರ ಏಪ್ರಿಲ್‌ನಾಗ ಬಂದ ಹಾರ್ಟ್‌ಬ್ಲೀಡ್ ಇದ್ದದ್ದು ಇಂಟರ್ನೆಟ್ ಸಂಪರ್ಕ ಗುಪ್ತ ಇಡೋ ಟಿಎಲ್‌ಎಸ್‌ನ ಹಾರ್ಟ್‌ಬೀಟ್ ಕೋಡಿನಾಗ, ಅಂದ್ರ ಲಿಬ್‌ಎಸ್‌ಎಸ್‌ಎಲ್‌ನಾಗ. ಗೆರಿ ಹೊರಗ. ಫಿಪ್ಸ್ ಮಾಡ್ಯೂಲಿಗೆ ಏನೂ ಆಗಿದ್ದಿಲ್ಲ. ಅದಕ್ಕ ಎಲ್ಲಾರೂ ಮರುದಿನ 1.0.1ಜಿ ಹಾಕ್ಕೊಂಡ್ರು, ಸರ್ಟಿಫಿಕೇಟಿಗೆ ಒಂದು ಗೀರೂ ಬೀಳ್ಲಿಲ್ಲ. ಹೊರಗಿನದನ್ನ ಲಗೂನ ಬದಲಿಸ್ಲಿಕ್ಕೆ ಬರ್ತದ, ಈ ಗೆರಿದ ಉಪಯೋಗಾನ ಅದು.

ಮಳಿ_ಧಾರವಾಡ · ರಾತ್ರಿ 11:40

ಸರಿ ಸರಿ, ಹಿಂದಕ್ಕ ತಗೊಂಡೆ 🙂

ಗಿರಮಿಟ್_ಪ್ರಿಯ · ಮಂಗಳವಾರ ಬೆಳಿಗ್ಗೆ 7:50

@ಬೆಂಗೇರಿ_ಬಿಟ್ಸ್ ಧ್ವಜದ ಮಾತು ತಗದ್ರಲ್ಲ, ಈಗ ಪಾಲಿಸ್ಟರ್ ಧ್ವಜಾನೂ ನಡೀತಾವಲ್ರಿ? ಮಷೀನ್‌ನಾಗ ಮಾಡಿದ್ದೂ ನಡೀತೈತಿ.

ಬೆಂಗೇರಿ_ಬಿಟ್ಸ್ · ಬೆಳಿಗ್ಗೆ 8:10

2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದಿದ್ರು, ಆವಾಗಿಂದ ನಡೀತೈತಿ. ಇಲ್ಲಿ ನೂಲೋ ಅಕ್ಕಾರ ಹೊಟ್ಟಿ ಮ್ಯಾಲೆ ಬಿದ್ದ ಪೆಟ್ಟು ಅದು. ಕೈಯಾಗ ನೂತು, ಕೈಯಾಗ ನೇಯ್ದು, ಪ್ರತಿ ಹಂತದಾಗ ತಪಾಸಣಿ ಮಾಡಿ ಮಾಡಿದ್ದನ್ನ ಎಲ್ಲಿಂದರೆ ಬಂದ ರೋಲ್ ಬಟ್ಟಿ ಜೋಡಿ

ಮಾಡರೇಟರ್ · ಬೆಳಿಗ್ಗೆ 8:25

ಧ್ವಜದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಓಪನ್‌ಎಸ್‌ಎಸ್‌ಎಲ್.

ಬೆಂಗೇರಿ_ಬಿಟ್ಸ್ · ಬೆಳಿಗ್ಗೆ 8:26

ಸಾಲು ಮುಗಸಾಕರೆ ಬಿಡ್ರಿ ಮಾರಾಯ್ರ.

ಗದಗ_ಗಾಳಿ · ಬೆಳಿಗ್ಗೆ 9:30

ಸ್ಟ್ರಿಪ್ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಅದ್ರಾಗ ನಾ ಸುಟ್ಟುಕೊಂಡೀನಿ, ಅದಕ್ಕ ಉದ್ದಾಗಿ ಬರೀತೀನಿ.

ಹಿಂದೊಂದು ಕಂಪನ್ಯಾಗ ಇದ್ದೆ, ಹೆಸರು ಬ್ಯಾಡ. ಅಕ್ಕಾರು ಹೇಳಿದಂಗ ಎರಡು ಬಿಲ್ಡ್ ಮಾಡಿದ್ವಿ, ಫಿಪ್ಸ್‌ಇನ್‌ಸ್ಟಾಲ್ ಕಮಾಂಡ್ ಹೊಡದ್ವಿ. ಗೊತ್ತಿಲ್ಲದವರಿಗೆ: ಈ ಕಮಾಂಡ್ ಫಿಪ್ಸ್.ಎಸ್‌ಒ ಫೈಲನ್ನ ಪೂರ್ತಿ ಓದಿ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ, ಎಚ್‌ಮ್ಯಾಕ್ ಲೆಕ್ಕಾ ಹಾಕಿ ಫಿಪ್ಸ್‌ಮಾಡ್ಯೂಲ್.ಸಿಎನ್‌ಎಫ್ ಒಳಗ ಬರದಿಡತೈತಿ. ಮುಂದ ಪ್ರತಿ ಸಲ ಮಾಡ್ಯೂಲ್ ಲೋಡ್ ಆಗೂಮುಂದ ಮತ್ತ ಲೆಕ್ಕಾ ಹಾಕಿ ತಾಳೆ ನೋಡತೈತಿ. ಒಂದು ಬೈಟ್ ಹೆಚ್ಚುಕಡಿಮಿ ಆದ್ರ ಬಾಗಲಾ ಮುಚ್ಚಿಬಿಡತೈತಿ.

ನಮ್ಮ ಟೇಬಲ್ ಮ್ಯಾಲೆ ಎಲ್ಲಾ ಸರಳ ನಡೀತು. ಪ್ಯಾಕೇಜ್ ಮಾಡಿ ಗಿರಾಕಿ ಕಡೆ ಹಾಕಿದ್ವಿ, ಸತ್ತು ಬಿತ್ತು. ಒಂದು ರಾತ್ರಿ ಪೂರ್ತಿ ಹೋತು. ಪ್ಯಾಕೇಜ್ ಕಟ್ಟೋ ಸಾಧನ ಕಡೀ ಹಂತದಾಗ, ನಮಗೊಂದು ಮಾತು ಹೇಳದಂಗ, ಎಲ್ಲಾ ಎಸ್‌ಒ ಫೈಲಿನ ಡಿಬಗ್ ಮಾಹಿತಿ ಕತ್ತರಿಸಿ ಒಗದಿತ್ತು. ಎಚ್‌ಮ್ಯಾಕ್ ಹಳೀ ಫೈಲಿಂದು, ಫೈಲ್ ಹೊಸಾದು. ಡೆಬಿಯನ್ ಪ್ಯಾಕೇಜ್ ಮಾಡಿದ್ರೂ ಹಿಂಗ, ಆರ್‌ಪಿಎಂ ಮಾಡಿದ್ರೂ ಹಿಂಗ, ಯೋಕ್ಟೊದಾಗೂ ಹಿಂಗ.

ಒಬ್ಬಾಂವ ಶಾಣ್ಯಾ ಇದ್ದ ನಮ್ಮಲ್ಲಿ. "ಸ್ಟ್ರಿಪ್ ಆದ ಮ್ಯಾಲೆ ಫಿಪ್ಸ್‌ಇನ್‌ಸ್ಟಾಲ್ ಮತ್ತೊಮ್ಮೆ ಹೊಡದ್ರ ಆತಲ್ಲ" ಅಂದ. ಹೊಡದ್ವಿ, ಹಸಿರು ದೀಪ ಬಂತು. ಆದ್ರ ಆಮ್ಯಾಲೆ ಆಡಿಟರ್ ಕೇಳಿದ ಪ್ರಶ್ನೆ: "ಸ್ಟ್ರಿಪ್ ಮಾಡ್ರಿ ಅಂತ ಪಾಲಿಸಿಯೊಳಗ ಯಾವ ಪುಟದಾಗೈತಿ?" ಉತ್ತರ ಇದ್ದಿಲ್ಲ. ಕಡೀಕ ಆ ಒಂದು ಫೈಲಿಗೆ ಮಾತ್ರ ಸ್ಟ್ರಿಪ್ ಬಂದ್ ಮಾಡಿದ್ವಿ. ಯೋಕ್ಟೊದಾಗ ಆ ಪ್ಯಾಕೇಜಿನ ರೆಸಿಪಿಗೆ ಇನ್‌ಹಿಬಿಟ್ ಪ್ಯಾಕೇಜ್ ಸ್ಟ್ರಿಪ್ ಅನ್ನೋ ವೇರಿಯೇಬಲ್ ಕೊಡ್ರಿ, ತಪ್ಪತೈತಿ.

ಹಸಿರು ದೀಪ ಬಂದ್ರ ಸರ್ಟಿಫಿಕೇಟ್ ಉಳೀತು ಅಂತಲ್ಲ ಮತ್ತ. ಎಚ್‌ಮ್ಯಾಕ್ ನೋಡೋದು ನೀವು ಕೊಟ್ಟ ಫೈಲ್ ನೀವ ಕೊಟ್ಟದ್ದು ಹೌದೋ ಅಲ್ಲೋ ಅಂತಷ್ಟ. ಉಣಕಲ್ ಅವರ ಹತ್ತು 'ನೋ' ಇರೋ ಫೈಲಿಗೂ ಅದು ಹಸಿರ ತೋರಸತೈತಿ.

ಉಣಕಲ್_ಹುಡುಗ · ಬೆಳಿಗ್ಗೆ 9:52

ನಮಗೂ ಹಸಿರ ಬಂದಿತ್ರಿ! ಅದನ್ನ ನೋಡೇ ನಾ "ಹೌದು" ಅಂತ ಬರದದ್ದು.

ಮಲ್ಲೇಶ್ವರದ_ದೋಸೆ · ಬೆಳಿಗ್ಗೆ 11:10

ಬೆಂಗಳೂರಿನಿಂದ ನಮಸ್ಕಾರ. ನಾನು ಕಂಪ್ಲಯನ್ಸ್ ಕಡೆ ಕೆಲಸ ಮಾಡೋನು. ಇಲ್ಲಿ ಎರಡು ವಿಷಯ ಬಿಟ್ಟುಹೋಗಿದೆ.

ಮೊದಲು, 4282 ಫಿಪ್ಸ್ 140-2ರ ಅಡಿಯಲ್ಲಿ ಸಿಕ್ಕಿದ್ದು. 140-2 ಅಂದರೆ 2001ರ ಮಾನಕ. ಅದರ ಎಲ್ಲಾ ಸರ್ಟಿಫಿಕೇಟುಗಳ ಆಯಸ್ಸು 2026ರ ಸೆಪ್ಟೆಂಬರ್ 21ರವರೆಗೆ ಮಾತ್ರ. ಆಮೇಲೆ 'ಹಿಸ್ಟಾರಿಕಲ್' ಪಟ್ಟಿಗೆ ಹೋಗುತ್ತವೆ. ಹೊಸದಾಗಿ ಕೊಳ್ಳುವ ಅಮೆರಿಕಾ ಸರ್ಕಾರಿ ಸಂಸ್ಥೆ ಅವನ್ನು ಒಪ್ಪುವುದಿಲ್ಲ. ಹೊಸ ಉತ್ಪನ್ನಕ್ಕೆ 3.0.9 ಹಿಡಿದು ಕೂರಬೇಡಿ. 3.1.2ರ ಪ್ರೊವೈಡರ್‌ಗೆ 2025ರ ಮಾರ್ಚ್‌ನಲ್ಲಿ 140-3 ಅಡಿಯಲ್ಲಿ ಸರ್ಟಿಫಿಕೇಟ್ ಬಂದಿದೆ, ನಂಬರ್ 4985. ಅದನ್ನು ತೆಗೆದುಕೊಳ್ಳಿ.

ಎರಡನೆಯದು, ನಿಮ್ಮ ಬೋರ್ಡ್. ಸರ್ಟಿಫಿಕೇಟಿನಲ್ಲಿ 'ಪರೀಕ್ಷಿಸಿದ ಪರಿಸರ' ಅಂತ ಪಟ್ಟಿ ಇರುತ್ತೆ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ಪ್ರೊಸೆಸರ್ ಅಂತ. ನಿಮ್ಮ ಯೋಕ್ಟೊ ಡಬ್ಬಿ ಅದರಲ್ಲಿ ಇರಲ್ಲ ಅಂತ ಬಾಜಿ ಕಟ್ತೀನಿ. ಅಂದರೆ ನೀವು ಎಷ್ಟೇ ಶುದ್ಧವಾಗಿ ಬಿಲ್ಡ್ ಮಾಡಿದರೂ "ವ್ಯಾಲಿಡೇಟೆಡ್" ಅಂತ ಎದೆ ತಟ್ಟಿ ಹೇಳೋ ಹಾಗಿಲ್ಲ.

ಸಾಧನಕೇರಿ_ಅಕ್ಕ · ಬೆಳಿಗ್ಗೆ 11:34

3.1.2ರ ಮಾತು ನೀವು ಹೇಳಿದ್ದು ಸರಿ, ನಾ ಹಳೇದನ್ನ ಹಿಡದು ಕೂತಿದ್ದೆ. ಎರಡನೇದಕ್ಕ ಒಪ್ಪಂಗಿಲ್ಲ. ಅಫರ್ಮೇಶನ್ ಅಂತ ದಾರಿ ಅದಲ್ಲ. ಸೋರ್ಸ್ ಕೋಡ್ ಮುಟ್ಟದಂಗ ಬ್ಯಾರೆ ಪರಿಸರಕ್ಕ ಒಯ್ದ್ರ, ಇದು ಅದ ಮಾಡ್ಯೂಲ್ ಅಂತ ತಾವ ಜವಾಬ್ದಾರಿ ತಗೊಂಡು ಹೇಳಬಹುದು.

ಮಲ್ಲೇಶ್ವರದ_ದೋಸೆ · ಬೆಳಿಗ್ಗೆ 11:47

ಹೇಳಬಹುದು. ಆದರೆ ಅದೇ ನಿಯಮದ ಮುಂದಿನ ಸಾಲು ಓದಿ. ಅಂಥ ಪರಿಸರದಲ್ಲಿ ಮಾಡ್ಯೂಲ್ ಸರಿಯಾಗಿ ಕೆಲಸ ಮಾಡುತ್ತೆ ಅಂತ ಸಿಎಂವಿಪಿ ಏನೂ ಹೇಳಲ್ಲ ಅಂತ ಇದೆ. ಸಿಎಂವಿಪಿ ಅಂದರೆ ಅಮೆರಿಕಾ ಮತ್ತು ಕೆನಡಾ ಸೇರಿ 1995ರಿಂದ ನಡೆಸ್ತಿರೋ ಕಾರ್ಯಕ್ರಮ, ಸರ್ಟಿಫಿಕೇಟ್ ಕೊಡೋರು ಅವರೇ. ಗಿರಾಕಿ ಒಪ್ಪಿದರೆ ಒಪ್ಪಿದ, ಇಲ್ಲದಿದ್ದರೆ ಇಲ್ಲ.

ಬ್ಯಾಡಗಿ_ಖಾರ · ಬೆಳಿಗ್ಗೆ 11:52

ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ. ಇವರು ಸರ್ಟಿಫಿಕೇಟಿಗೆ ರೊಕ್ಕಾ ಇಸ್ಕೊಳ್ತಾರ, ಮಾತು ಮಾತ್ರ ನಿಮ್ಮ ಬಾಯಾಗಿಂದ ಹೊರಡಬೇಕು.

ಸಾಧನಕೇರಿ_ಅಕ್ಕ · ಮಧ್ಯಾಹ್ನ 12:20

ದೋಸೆ ಅವರ, ನಿಮ್ಮ ಮಾತು ನಾ ಅಲ್ಲಗಳೀಲಿಕತ್ತಿಲ್ಲ. ಆದ್ರ ಆರು ಮಂದಿ ಕಂಪನಿ ಸ್ವಂತ ಸರ್ಟಿಫಿಕೇಟ್ ಮಾಡಿಸಲಿ ಅಂತೀರೇನು? ಲ್ಯಾಬಿನ ಖರ್ಚು ಬಿಡ್ರಿ, ಲ್ಯಾಬ್ ಮುಗದ ಮ್ಯಾಲೆ ಸಿಎಂವಿಪಿ ಸಾಲಿನಾಗ ಒಂದು ವರ್ಷದ ಮ್ಯಾಲೇನ ನಿಂದರಬೇಕು. ಅಷ್ಟೊತ್ತಿಗೆ ಗಿರಾಕಿ ಮೊಮ್ಮಕ್ಕಳ ಮದವಿ ಮಾಡಿರ್ತಾನ. ಪ್ರಾಮಾಣಿಕವಾಗಿ ಬರದು ಕೊಡೋದ ದಾರಿ. "ಸರ್ಟಿಫಿಕೇಟ್ 4985ರ ಮಾಡ್ಯೂಲನ್ನ ಅದರ ಸೆಕ್ಯುರಿಟಿ ಪಾಲಿಸಿ ಪ್ರಕಾರ, ಸೋರ್ಸ್ ಬದಲಿಸದೆ ಬಿಲ್ಡ್ ಮಾಡಿ ಬಳಸೇವಿ, ನಮ್ಮ ಹಾರ್ಡ್‌ವೇರ್ ಪರೀಕ್ಷಿತ ಪಟ್ಟಿಯೊಳಗಿಲ್ಲ, ಅದರ ಮಟ್ಟಿಗೆ ನಮ್ಮ ಅಫರ್ಮೇಶನ್" ಅಂತ. ಇದ್ರಾಗ ಸುಳ್ಳು ಎಲ್ಲಿ ಅದ?

ಮಲ್ಲೇಶ್ವರದ_ದೋಸೆ · ಮಧ್ಯಾಹ್ನ 12:26

ಇದರಲ್ಲಿ ಸುಳ್ಳಿಲ್ಲ. ಈ ವಾಕ್ಯಕ್ಕೆ ನಾನೂ ಸಹಿ ಹಾಕ್ತೀನಿ. "ಹೌದು, 4282" ಅನ್ನೋದಕ್ಕೆ ಹಾಕಲ್ಲ.

ಉಣಕಲ್_ಹುಡುಗ · ಮಧ್ಯಾಹ್ನ 12:40

ಅಕ್ಕಾರ, ಸೋರ್ಸ್ ಬದಲಿಸದ ಅಂದ್ರಿ. ನಮ್ಮ ರ್‍ಯಾಂಡಮ್ ಚಿಪ್ಪಿನ ಪ್ಯಾಚ್ ಏನ್ ಮಾಡ್ಲಿ? ಅದಿಲ್ಲಂದ್ರ ಬೂಟ್ ಆದ ಕೂಡ್ಲೆ ರ್‍ಯಾಂಡಮ್ ನಂಬರ್ ಸಿಗದ ಟಿಎಲ್‌ಎಸ್ ತೂಕಡಸತೈತಿ. ಮತ್ತ ಇನ್ನೊಂದು, ಕ್ರಾಸ್ ಕಂಪೈಲ್ (ಬ್ಯಾರೆ ಥರದ ಕಂಪ್ಯೂಟರಿನಾಗ ಕುಂತು ಬೋರ್ಡಿನ ಸಲುವಾಗಿ ಬಿಲ್ಡ್) ಮಾಡೂಮುಂದ ಟಾರ್ಗೆಟ್ ಹೆಸರು ಕೊಡಬೇಕಲ್ರಿ, ಅದೂ ಒಂದು ಹೆಚ್ಚಿನ ಆಪ್ಶನ್ ಆಗಲಿಲ್ಲೇನು?

ಗದಗ_ಗಾಳಿ · ಮಧ್ಯಾಹ್ನ 1:15

ಪ್ಯಾಚ್ ತಗದು ಒಗೀರಿ. ಆ ಚಿಪ್ಪನ್ನ ಲಿನಕ್ಸ್ ಕರ್ನೆಲ್ ಓದಲಿ, ಅದಕ್ಕಂತ ಎಚ್‌ಡಬ್ಲ್ಯೂಆರ್‌ಎನ್‌ಜಿ ವ್ಯವಸ್ಥಾ ಐತಿ. ಕರ್ನೆಲ್‌ನಾಗ ಡ್ರೈವರ್ ಇದ್ರ ಅದು ತಾನ ಬೂಟ್‌ನಾಗ ಕರ್ನೆಲ್‌ನ ರ್‍ಯಾಂಡಮ್ ನಂಬರ್ ತೊಟ್ಟಿಗೆ ನೀರು ತುಂಬಸತೈತಿ. ಫಿಪ್ಸ್ ಪ್ರೊವೈಡರ್‌ಗೆ ಬೇಕಾದ ಬೀಜ ಲಿಬ್‌ಕ್ರಿಪ್ಟೊ ಕಡಿಂದ ಬರತೈತಿ, ಲಿಬ್‌ಕ್ರಿಪ್ಟೊ ಕರ್ನೆಲ್‌ನ ಕೇಳತೈತಿ. ಅಂದ್ರ ಗೆರಿ ಹೊರಗ ರಿಪೇರಿ ಆಗೋ ಕೆಲಸಕ್ಕ ನೀವು ಗೆರಿ ಒಳಗ ಕೈ ಹಾಕಿದ್ರಿ. ನಮ್ಮ ಕಡೆ ಅಂತಾರಲ್ಲ, ಬಾಗಲಾ ತೆರೆದಿದ್ರೂ ಗ್ವಾಡಿ ಒಡದ್ರಂತ.

ಕ್ರಾಸ್ ಕಂಪೈಲ್ ವಾದ ನಾ ಯಾರ ಜೋಡೀನೂ ಗೆದ್ದಿಲ್ಲ. ಅದಕ್ಕ ವಾದಾನ ಬ್ಯಾಡಂತ ಆರ್ಮ್ ಮಷೀನ್ ಮ್ಯಾಲೇನ ಬಿಲ್ಡ್ ಮಾಡಿದ್ವಿ. ನಿಧಾನ ಆಗತೈತಿ, ಆದ್ರ ಅದನ್ನ ದಿನಾ ಮಾಡೋದಿಲ್ಲಲ್ಲ. ಒಮ್ಮೆ ಮಾಡಿ, ಲಾಗ್ ಸಮೇತ ಎತ್ತಿಟ್ಟು, ಅದ ಫೈಲನ್ನ ಮುಂದಿನ ಎಲ್ಲಾ ರಿಲೀಸಿಗೆ ಬಳಸ್ರಿ. ಟಾರ್‌ಬಾಲ್ ಚೆಕ್‌ಸಮ್, ಕಂಪೈಲರ್ ಆವೃತ್ತಿ, ಹೊಡದ ಕಮಾಂಡ್ ಎಲ್ಲಾ ಲಾಗ್‌ನಾಗ ಇರಲಿ.

ಇನ್ನೊಂದು, 140-3ರ ಪ್ರೊವೈಡರ್ ಲೋಡ್ ಆದಾಗೊಮ್ಮೆ ಎಲ್ಲಾ ಸ್ವಪರೀಕ್ಷೆ ನಡಸತೈತಿ. 3.0ದಾಗ ಒಮ್ಮೆ ಪಾಸಾಗಿದ್ದನ್ನ ಬರದಿಟ್ಟು ಮುಂದ ಬಿಡಾಕ ಬರತಿತ್ತು, ಈಗ ಇಲ್ಲ. ಸಣ್ಣ ಬೋರ್ಡಿನಾಗ ಪ್ರತಿ ಪ್ರೋಗ್ರಾಮ್ ಶುರುವಾಗೂಮುಂದ ತಡಾ ಗೊತ್ತಾಗತೈತಿ. ಶೆಲ್ ಸ್ಕ್ರಿಪ್ಟಿನಾಗ ನೂರು ಸಲ ಓಪನ್‌ಎಸ್‌ಎಸ್‌ಎಲ್ ಕಮಾಂಡ್ ಕರಿಯೋ ಚಟ ಇದ್ರ ಬಿಟ್ಟುಬಿಡ್ರಿ.

ಹಾವೇರಿ_ಏಲಕ್ಕಿ · ಮಧ್ಯಾಹ್ನ 2:05

ನಾನು ಕೋಡ್ ಗೀಡ್ ಬರಿಯೋಳಲ್ಲ. ಅಪ್ಪಾರದ್ದು ಗುತ್ತಿಗಿ ಕೆಲಸ, ಟೆಂಡರ್ ಹಾಕಾಕ ಡಿಜಿಟಲ್ ಸಹಿದು ಯುಎಸ್‌ಬಿ ಟೋಕನ್ ಐತಿ. ಅದರ ಡಬ್ಬಿ ಮ್ಯಾಲೂ ಫಿಪ್ಸ್ 140-2 ಅಂತ ಬರದೈತಿ. 2026ರ ಸೆಪ್ಟೆಂಬರ್‌ಗೆ ಅದೂ ಬಂದ್ ಆಗತೈತೇನ್ರಿ? ಟೆಂಡರ್ ಕಡೀ ದಿನ ಸಿಕ್ಕೊಂಡ್ರ ಅಪ್ಪ ನನಗ ಬೈತಾರ.

ಮಲ್ಲೇಶ್ವರದ_ದೋಸೆ · ಮಧ್ಯಾಹ್ನ 2:30

ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಟೋಕನ್ ಸತ್ತಿರುತ್ತೆ ಅನ್ನೋ ಭಯ ಬೇಡ. ಟೋಕನ್ ಒಳಗೆ ಆ ದಿನಾಂಕ ಇಲ್ಲ. ಅದು ಅಮೆರಿಕಾದ ಪಟ್ಟಿಯಲ್ಲಿ ಹೆಸರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋದು ಅಷ್ಟೇ. ಅಪ್ಪಾಜಿಗೆ ನಿಜವಾಗಿ ಕಾಡೋ ದಿನಾಂಕ ಸಹಿಯ ಸರ್ಟಿಫಿಕೇಟಿನದು. ನಮ್ಮಲ್ಲಿ ಹೆಚ್ಚೆಂದರೆ ಮೂರು ವರ್ಷಕ್ಕೆ ಕೊಡ್ತಾರೆ. ಟೋಕನ್ ತಂತ್ರಾಂಶ ತೆರೆದರೆ ಕೊನೆಯ ದಿನ ಕಾಣುತ್ತೆ, ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಅಂದಹಾಗೆ ನಿಮ್ಮ ಟೋಕನ್ ಹಾರ್ಡ್‌ವೇರ್, ಇಲ್ಲಿ ನಾವು ಜಗಳಾಡ್ತಿರೋದು ಬರೀ ಸಾಫ್ಟ್‌ವೇರ್. ಫಿಪ್ಸ್‌ನಲ್ಲಿ 1ರಿಂದ 4ರವರೆಗೆ ಮಟ್ಟಗಳಿವೆ. ಓಪನ್‌ಎಸ್‌ಎಸ್‌ಎಲ್‌ದು 1. ಟೋಕನ್‌ಗೆ ಬೇಕಾಗೋದು 2, ಯಾರಾದರೂ ಬಿಚ್ಚಿದರೆ ಗುರುತು ಉಳೀಬೇಕು.

ಹಾವೇರಿ_ಏಲಕ್ಕಿ · ಮಧ್ಯಾಹ್ನ 2:33

ಥ್ಯಾಂಕ್ಸ್ ಅಣ್ಣಾರ. ಡಬ್ಬಿ ಬಿಚ್ಚಬ್ಯಾಡ ಅಂತ ತಮ್ಮಗ ಹೇಳ್ತೀನಿ, ಅವಂಗ ಎಲ್ಲಾ ಬಿಚ್ಚೋ ರೂಢಿ.

ಮಳಿ_ಧಾರವಾಡ · ಮಧ್ಯಾಹ್ನ 3:10

ಫಿಪ್ಸ್ ಚಾಲೂ ಮಾಡಿದ ಮ್ಯಾಲೆ ಪೈಥಾನ್ ಸ್ಕ್ರಿಪ್ಟ್ ಬೀಳ್ತಾವ, ಈಗಾ ಹೇಳಿರ್ತೀನಿ. ನಮ್ಮಲ್ಲಿ ಬರೇ ಫೈಲ್ ಹೆಸರಿಗೆ ಎಂಡಿ5 (ಫಿಪ್ಸ್ ಒಪ್ಪದ ಹಳೀ ಹ್ಯಾಶ್ ವಿಧಾನ) ಬಳಸಿದ್ದ ಹಳೀ ಕೋಡ್ ಎಲ್ಲಾ ಸಾಲಾಗಿ ಮಕಾಡೆ ಮಲಗಿತು. ಪೈಥಾನ್ 3.9ರಿಂದ ಹ್ಯಾಶ್‌ಲಿಬ್‌ಗೆ 'ಯೂಸ್ಡ್‌ಫಾರ್‌ಸೆಕ್ಯುರಿಟಿ ಫಾಲ್ಸ್' ಅಂತ ಕೊಟ್ಟು ದಾಟಬಹುದು. ಭದ್ರತೆಗೆ ಬಳಸೋ ಕಡೆ ಇದನ್ನ ಕೊಟ್ಟು ಮೋಸಾ ಮಾಡಬ್ಯಾಡ್ರಿ.

ಬ್ಯಾಡಗಿ_ಖಾರ · ಸಂಜೆ 5:45

ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ. ನಾಳೆ ಗೆರಿ ಒಳಗ, ಫಿಪ್ಸ್.ಎಸ್‌ಒದಾಗ ತೂತು ಸಿಕ್ತು ಅನ್ಕೊಳ್ರಿ. ಪ್ಯಾಚ್ ಹಾಕಿದ್ರ ಸರ್ಟಿಫಿಕೇಟ್ ಇಲ್ಲ. ಹಾಕಲಿಲ್ಲಂದ್ರ ತೂತು. ಏನ್ ಮಾಡ್ತೀರಿ? ನಾ ಅಂತೂ ಪ್ಯಾಚ್ ಹಾಕ್ತೀನಿ, ಮುದ್ರಿ ಹಾಳಾಗಿ ಹೋಗಲಿ.

ಸಾಧನಕೇರಿ_ಅಕ್ಕ · ಸಂಜೆ 6:20

ಇದೊಂದು ಮಾತಿಗೆ ನಾ ನಿನ್ನ ಕೈ ಕುಲಕ್ತೀನಿ ಖಾರ. ಉಬುಂಟುದವರೂ ಇದ ಕಾರಣಕ್ಕ ಎರಡು ಅಂಗಡಿ ಇಟ್ಟಾರ: ಫಿಪ್ಸ್ ಅಂತೊಂದು, ಅದು ಸರ್ಟಿಫಿಕೇಟಿನಾಗ ಇದ್ದಂಗ, ಫಿಪ್ಸ್-ಅಪ್‌ಡೇಟ್ಸ್ ಅಂತೊಂದು, ಅದಕ್ಕ ಭದ್ರತಾ ಪ್ಯಾಚ್ ಸೇರ್ತಾವ. ಯಾವುದು ಬೇಕು ಅಂತ ಗಿರಾಕಿನ ಆರಿಸಬೇಕು. ಉಣಕಲ್ ತಮ್ಮಾ, ಶುಕ್ರವಾರ ಇದನ್ನೂ ಕೇಳಿ ಬರಿಸ್ಕೋ. ತೂತು ಸಿಕ್ಕ ದಿನಾ ಕೇಳಿದ್ರ ಇಬ್ಬರಿಗೂ ತಲಿ ಕೆಟ್ಟಿರ್ತದ.

ಉಣಕಲ್_ಹುಡುಗ · ಶನಿವಾರ ಬೆಳಿಗ್ಗೆ 10:30

ನಿನ್ನೆ ಕಾಲ್ ಮುಗೀತ್ರಿ.

ಗುರುವಾರ ರಾತ್ರಿ ಸಾಹೇಬ್ರಿಗೆ ಈ ಎಳೆ ಪೂರ್ತಿ ಓದಿಸಿದೆ. ಬೆಂಗೇರಿ ಅಣ್ಣಾರ ಕಂಬದ ಮಾತು ಬಂದಾಗ ಒಂದು ಸಲ ನಕ್ಕರು, ಅದರ ಮ್ಯಾಲೆ "ನೀ ಮೊದಲ ಯಾಕ ಹೌದು ಅಂತ ಬರದಿ" ಅಂತ ಬೈದ್ರು. ಸೋರ್ಸ್ ಅದ ಸರ್ಟಿಫಿಕೇಟೂ ಅದ ಅಂದಿದ್ದು ಅವರ, ಆದ್ರ ಇರಲಿ.

3.1.2 ಟಾರ್‌ಬಾಲ್ ತಗೊಂಡು ಆರ್ಮ್ ಸರ್ವರ್ ಬಾಡಿಗಿ ಹಿಡದು ಮೂರ ಕಮಾಂಡಿನಾಗ ಬಿಲ್ಡ್ ಮಾಡಿದೆ. ಹೊರಗಿಂದು 3.5, ನಮ್ಮ 'ನೋ'ಗಳೆಲ್ಲಾ ಅಲ್ಲಿಗೆ ಹ್ವಾದವು. ಪ್ಯಾಚ್ ತಗದು ಕರ್ನೆಲ್ ಡ್ರೈವರ್ ಆನ್ ಮಾಡಿದೆ, ಮೊದಲಿನಕಿಂತ ಚಲೋ ನಡ್ಯಾಕತ್ತೈತಿ. ಫ್ಲ್ಯಾಶ್ ಸಾಲಲಿಲ್ಲ. ಹುಡುಕಿದ್ರ ಯಾರೂ ಬಳಸದ ಎರಡು ಫಾಂಟ್ ಮತ್ತ ಒಂದು ಡೆಮೊ ವೆಬ್‌ಪೇಜಿನ ಚಿತ್ರ ಕುಂತಿದ್ದವು. ತಗದ ಮ್ಯಾಲೆ ಹಿಡೀತು. ಮೂರು ವರ್ಷ ನಾ ಕ್ಯಾಮೆಲಿಯಾ ಕತ್ತರಿಸಿ ಕಿಲೋಬೈಟ್ ಉಳಸತಿದ್ದೆ ನೋಡ್ರಿ.

ಗಿರಾಕಿಗೆ ಹಳೀ ಉತ್ತರ ತಪ್ಪಾಗಿತ್ತು ಅಂತ ಮೊದಲ ಹೇಳಿ, ಅಕ್ಕಾರ ವಾಕ್ಯ ಹಂಗ ಇಂಗ್ಲೀಷಿಗೆ ತಿರುಗಿಸಿ ಓದಿದೆ. ಅವರ ಕಡೆ ಭದ್ರತಾ ಮನಷ್ಯಾ ಒಬ್ಬಳಿದ್ಲು. ಸ್ವಲ್ಪ ಹೊತ್ತು ಸುಮ್ನಿದ್ದು, "ಪರೀಕ್ಷಿತ ಪಟ್ಟಿಯೊಳಗಿಲ್ಲ ಅಂತ ತಾವಾಗೇ ಹೇಳಿದ ಮೊದಲ ಸಪ್ಲಾಯರ್ ನೀವು" ಅಂದ್ಲು. ಒಪ್ಪಿದ್ಲು ಅಂತಲ್ಲ. ಅವರ ಆಡಿಟರ್‌ಗೆ ಕಳಿಸ್ಯಾರ, ಎರಡು ವಾರ ಕಾಯಬೇಕು. ಬಿಲ್ಡ್ ಲಾಗ್ ಕೇಳಿದ್ಲು, ಇತ್ತು, ಕೊಟ್ಟೆ.

ಗದಗ_ಗಾಳಿ · ಬೆಳಿಗ್ಗೆ 10:41

ಸ್ಟ್ರಿಪ್?

ಉಣಕಲ್_ಹುಡುಗ · ಬೆಳಿಗ್ಗೆ 10:42

ಬಂದ್ ಮಾಡೀನ್ರಿ ಅಣ್ಣಾ. ಡಬ್ಬಿ ಒಳಗಿನ ಫೈಲೂ ಸರ್ವರಿನ ಫೈಲೂ ಚೆಕ್‌ಸಮ್ ತಾಳೆ ನೋಡೀನಿ, ಒಂದ ಐತಿ.

ಬೆಂಗೇರಿ_ಬಿಟ್ಸ್ · ಬೆಳಿಗ್ಗೆ 11:00

ಧ್ವಜದ ಬ್ಯಾರೆ ಎಳೆ ತಗದೀನಿ, ಸಾಲು ಅಲ್ಲಿ ಮುಗಿಸೀನಿ. ಬರ್ರಿ ಎಲ್ಲಾರೂ.